ಮೂರು ಭಾನುವಾರ, ಮೂರು ಲೀಟರು

ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ನನ್ನ ತಂಗಿಯ ಮಗ ವಿಜಯಕುಮಾರ ಕೆಜಿಎಫ್ ಊರಿನ ಕೋರಮಂಡಲ್‌ನ ನಮ್ಮ ಮನೆಯ ಮುಂದೆ ವ್ಯಾನು ನಿಲ್ಲಿಸಿದ. ಎಂಜಿನ್ ಆರಿಸದೆಯೇ ಒಳಗೆ ಬಂದು, ಡ್ಯಾಶ್‌ಬೋರ್ಡಿನ ಮೇಲೆ ಎಚ್ಚರಿಕೆಯ ಅಂಕಿ ಇಳಿಯತೊಡಗಿದೆ ಎಂದ. ಇನ್ನು ಉಳಿದಿರುವುದು ಇನ್ನೂರ ಇಪ್ಪತ್ತಾರು ಕಿಲೋಮೀಟರು. ಆ ಅಂಕಿ ಸೊನ್ನೆಗೆ ಬಂದ ಮೇಲೆ ಒಮ್ಮೆ ಎಂಜಿನ್ ಆರಿಸಿದರೆ ಮತ್ತೆ ಹೊತ್ತಿಕೊಳ್ಳುವುದಿಲ್ಲ. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ತಂಗಿ ಮುನಿಗಂಗಮ್ಮ ಕೋಲಾರದ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಮಲಗಬೇಕಾಗಿತ್ತು.

ಹೊಸ ಡೀಸೆಲ್ ವಾಹನಗಳಿಗೆ ಡೀಸೆಲ್ ಒಂದೇ ಸಾಲದು. ಹೊಗೆಯಲ್ಲಿರುವ ವಿಷವನ್ನು ಮುರಿಯಲು ಶುದ್ಧವಾದ ಯೂರಿಯಾ ಕರಗಿಸಿದ ನೀರು ಬೇರೊಂದು ಟ್ಯಾಂಕಿನಲ್ಲಿ ಇರಬೇಕು; ಅದು ಮುಗಿದರೂ ಕೆಟ್ಟರೂ ಬೋರ್ಡಿನ ಅಂಕಿ ಇಳಿಯತೊಡಗುತ್ತದೆ. ಕ್ಯಾನಿನ ಮೇಲೆ ಡಿಇಎಫ್ ಎಂದು ಅಚ್ಚಾಗಿರುತ್ತದೆ. ಬಂಗಾರಪೇಟೆಯ ಡ್ರೈವರುಗಳು ಯೂರಿಯಾ ನೀರು ಎನ್ನುತ್ತಾರೆ. ಹಿಂದಿನ ವರ್ಷ ವಿಜಯಕುಮಾರ ಅದನ್ನು ತುಂಬಲು ಮರೆತಿದ್ದ. ವ್ಯಾನು ಬಂಗಾರಪೇಟೆಯ ರೈಲ್ವೆ ಸೇತುವೆಯ ಬಳಿ ನಿಂತುಹೋಯಿತು. ಮುನಿಗಂಗಮ್ಮನ ಒಂದು ಸರದಿ ತಪ್ಪಿತು. ಎರಡನೆಯ ದಿನ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು ಅವಳು ಕೂತಲ್ಲೇ ನೀಲಿಯಾದಳು. ಮೂರು ದಿನ ಆಮ್ಲಜನಕದ ಮೇಲಿದ್ದು ಉಳಿದಳು. ಅವಳನ್ನು ಮನೆಗೆ ಕರೆತಂದ ದಿನವೇ ನಾನು ಯೂರಿಯಾ ನೀರಿನ ಹೊಣೆಯನ್ನು ವಹಿಸಿಕೊಂಡೆ.

ನಾನು ಕೆಜಿಎಫ್ ಚಿನ್ನದ ಗಣಿಯ ಮೈಸೂರು ಮೈನ್ಸ್‌ನ ಸಿಡಿಮದ್ದಿನ ಮನೆಯಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತನಾಗಿದ್ದೆ. ಸುರಂಗಕ್ಕೆ ಇಳಿಯುವ ಒಂದೊಂದು ಮದ್ದಿನ ಕಡ್ಡಿಯೂ ನನ್ನ ಕೈಯಿಂದ ಹೊರಟು, ಉಳಿದದ್ದು ನನ್ನ ಕೈಗೇ ಮರಳಬೇಕಾಗಿತ್ತು. ಆ ಮನೆಯ ಬಾಗಿಲಿಗೆ ಎರಡು ಬೀಗ, ಎರಡು ಕೀ, ಇಬ್ಬರು ಮನುಷ್ಯರು. ಇಬ್ಬರೂ ಒಟ್ಟಿಗೆ ನಿಂತಾಗ ಮಾತ್ರ ಬಾಗಿಲು ತೆರೆಯುತ್ತಿತ್ತು. ಒಬ್ಬನು ತಪ್ಪು ಮಾಡಬಹುದು, ಇಬ್ಬರು ಒಂದೇ ಹೊತ್ತಿಗೆ ಒಂದೇ ತಪ್ಪನ್ನು ಮಾಡುವುದು ಅಪರೂಪ ಎಂಬುದು ಅದರ ತರ್ಕ. ಗಣಿ ಮುಚ್ಚುವವರೆಗೆ ನನ್ನ ಕಾಲದಲ್ಲಿ ಒಂದು ಕಡ್ಡಿಯೂ ಲೆಕ್ಕಕ್ಕೆ ತಪ್ಪಲಿಲ್ಲ.

ಆ ಪದ್ಧತಿಯನ್ನೇ ಮನೆಯಲ್ಲಿಯೂ ಇಟ್ಟೆ. ಯೂರಿಯಾ ನೀರು ಬಿಸಿಲನ್ನು ತಾಳದು, ಧೂಳನ್ನು ತಾಳದು, ಕಬ್ಬಿಣದ ಪಾತ್ರೆಯನ್ನೂ ತಾಳದು. ನಮ್ಮ ಹಳೆಯ ಕ್ವಾರ್ಟರ್ಸಿನ ಕಲ್ಲುಗೋಡೆಯ ಒಳಕೋಣೆ ಏಪ್ರಿಲ್‌ನಲ್ಲೂ ಇಪ್ಪತ್ತೆಂಟು ಡಿಗ್ರಿ ದಾಟುವುದಿಲ್ಲ. ಅಲ್ಲಿನ ಬೀರುವಿಗೆ ಎರಡು ಬೀಗ ಹಾಕಿದೆ. ಒಂದು ಕೀ ನನ್ನ ಉಡದಾರದಲ್ಲಿ, ಇನ್ನೊಂದು ಮುನಿಗಂಗಮ್ಮನ ಸೆರಗಿನ ಗಂಟಿನಲ್ಲಿ. ದನದ ಕೊಟ್ಟಿಗೆಯ ಧೂಳು ಅವಳಿಗೆ ಆಗಬಾರದೆಂದು ವೈದ್ಯರು ಹೇಳಿದ್ದರಿಂದ ಅವಳು ಬೂದಿಕೋಟೆಯ ಮಗನ ಮನೆಯನ್ನು ಬಿಟ್ಟು ನನ್ನ ಮನೆಗೆ ಬಂದು ಒಂದು ವರ್ಷವಾಗಿತ್ತು. ಪ್ರತಿಯೊಂದು ಹತ್ತು ಲೀಟರಿನ ಕ್ಯಾನಿನ ಮೇಲೂ ನಾನು ತಾರೀಖು ಬರೆದು ಸಹಿ ಹಾಕುತ್ತಿದ್ದೆ.

ವ್ಯಾನಿನ ಓಟ ನಿಯತವಾದದ್ದು. ಬೆಳಿಗ್ಗೆ, ಸಂಜೆ ಬೂದಿಕೋಟೆಯ ಜನರನ್ನು ಬಂಗಾರಪೇಟೆಯ ರೈಲಿಗೆ ಮುಟ್ಟಿಸುವುದು. ಮಂಗಳವಾರ, ಶುಕ್ರವಾರ ಮುನಿಗಂಗಮ್ಮನನ್ನು ಕೋಲಾರಕ್ಕೆ ಕರೆದೊಯ್ದು, ನಾಲ್ಕು ಗಂಟೆ ಆಸ್ಪತ್ರೆಯ ಗೇಟಿನ ಬಳಿ ನಿಂತಿದ್ದು, ಕರೆತರುವುದು. ಆ ನಾಲ್ಕು ಗಂಟೆ ವ್ಯಾನು ಅಲ್ಲಿಂದ ಕದಲಬಾರದೆಂಬುದು ನನ್ನ ಷರತ್ತು. ಒಮ್ಮೊಮ್ಮೆ ರಕ್ತದೊತ್ತಡ ಇಳಿದು ಅವಳನ್ನು ಯಂತ್ರದಿಂದ ಬೇಗನೆ ಬಿಡಿಸಬೇಕಾಗುತ್ತಿತ್ತು. ಹೀಗೆ ವಾರಕ್ಕೆ ಏಳುನೂರು ಕಿಲೋಮೀಟರು. ಏಳುನೂರಕ್ಕೆ ಒಂದು ಲೀಟರು. ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ವಿಜಯಕುಮಾರ ಬೋರ್ಡನ್ನು ನೋಡಿ ಒಟ್ಟು ಓಡಿದ ಕಿಲೋಮೀಟರು ಹೇಳುತ್ತಿದ್ದ. ಪೊರೆ ಬಂದ ನನ್ನ ಕಣ್ಣಿಗೆ ಆ ಸಣ್ಣ ಅಂಕಿಗಳು ಕಾಣುವುದಿಲ್ಲ. ಅವನು ಹೇಳಿದ್ದನ್ನು ನಾನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಅನಂತರ ನಾನೂ ತಂಗಿಯೂ ಬೀರು ತೆರೆಯುತ್ತಿದ್ದೆವು. ನಾನು ಒಂದು ಲೀಟರನ್ನು ಅಳೆದು ಸುರಿಯುತ್ತಿದ್ದೆ, ವಿಜಯಕುಮಾರ ಕೊಳವೆ ಹಿಡಿಯುತ್ತಿದ್ದ. ನಲವತ್ತೇಳು ವಾರ ಇದು ತಪ್ಪಿರಲಿಲ್ಲ.

ಆದ್ದರಿಂದ ಬುಧವಾರ ಅಂಕಿ ಇಳಿಯುತ್ತಿದೆ ಎಂದಾಗ ನನಗೆ ಕಂಡ ಕಾರಣ ಒಂದೇ. ಮಾಲು ಕೆಟ್ಟದ್ದು. ವಿಜಯಕುಮಾರನೂ ಅದನ್ನೇ ಹೇಳಿದ.

"ಅಂಗಡಿಯೋನೇ ಮೋಸ ಮಾಡವ್ನೆ ಮಾವ. ಇನ್ನೇನಿರ್ತದೆ?"

ತೆರೆದಿದ್ದ ಕ್ಯಾನನ್ನು ವ್ಯಾನಿಗೆ ಹಾಕಿಸಿ ಬಂಗಾರಪೇಟೆಗೆ ಹೊರಟೆ. ಕ್ಯಾನುಗಳನ್ನು ನಾನು ಕೊಂಡದ್ದು ವೇಣು ಎಂಬ ಮೆಕ್ಯಾನಿಕ್‌ನಿಂದ. ಅವನ ವರ್ಕ್‌ಶಾಪು ಬಸ್ ನಿಲ್ದಾಣದ ಹಿಂದೆ ಇದೆ. ಅಲ್ಲಿ ಆಗ ಐದಾರು ಜನ ಡ್ರೈವರುಗಳು ಕುಳಿತಿದ್ದರು. ಅವರೆಲ್ಲರ ಎದುರಿಗೆ ನಾನು ಮಾತನಾಡಿದೆ. ಕ್ಯಾನು ಎರಡು ಬೀಗಗಳ ಒಳಗಿತ್ತು, ಹೊರಗಿನವರ ಕೈ ಸೋಕಿಲ್ಲ, ಆದ್ದರಿಂದ ದೋಷ ಕ್ಯಾನಿನ ಜೊತೆಗೇ ಬಂದಿರಬೇಕು, ರೋಗಿಯೊಬ್ಬಳ ಜೀವದ ಜೊತೆ ಆಟವಾಡುವವನು ಅಂಗಡಿ ಇಡಬಾರದು ಎಂದೆ. ಧ್ವನಿ ಏರಿಸಲಿಲ್ಲ. ಏರಿಸುವ ಅಗತ್ಯವಿರಲಿಲ್ಲ, ಡ್ರೈವರುಗಳು ಮಾತು ನಿಲ್ಲಿಸಿ ವೇಣುವಿನ ಮುಖ ನೋಡುತ್ತಿದ್ದರು.

ವೇಣು ಕ್ಯಾನಿನ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಬೆಳಕಿಗೆ ಹಿಡಿದ. ಒಂದು ಹನಿಯನ್ನು ಸಣ್ಣ ದೂರದರ್ಶಕದಂಥ ಉಪಕರಣದ ಗಾಜಿನ ಮೇಲೆ ಬಿಟ್ಟು ಕಣ್ಣಿಟ್ಟ.

"ಮೂವತ್ತೆರಡೂವರೆ. ಅಳತೆ ಸರಿಯಾಗೈತೆ ಯಜಮಾನ್ರೇ," ಎಂದ. "ಅಳತೆ ಗೊತ್ತಿರೋರೇ ಮಾಡವ್ರೆ."

ಮಾಡಿದ್ದಾರೆ ಎಂದರೇನು ಎಂದು ಕೇಳಿದೆ. ಅವನು ಸ್ವಲ್ಪ ನೀರನ್ನು ನನ್ನ ಅಂಗೈಗೆ ಹಾಕಿ ಉಜ್ಜಿಕೊಳ್ಳಲು ಹೇಳಿದ. ಉಜ್ಜಿದೆ. ಬೇವಿನ ವಾಸನೆ ಬಂತು. ಲೋಟದ ನೀರಿನ ಮೇಲೆ ತೆಳ್ಳಗೆ ಎಣ್ಣೆಯ ಪೊರೆ ಕಟ್ಟಿತ್ತು.

"ಇದು ಒಲಕ್ಕೆ ಆಕೋ ಯೂರಿಯಾ. ಅದ್ಕೆ ಬೇವಿನೆಣ್ಣೆ ಬಳ್ದಿರ್ತಾರೆ. ನೀರು ಬೋರ್‌ವೆಲ್‌ದು, ನಮ್ ಕಡೇದು, ಸುಣ್ಣದ ನೀರು. ಸಿಂಪಡಿಸೋ ನಳಿಗೆ ಕಟ್ಕೊಂಡೈತೆ. ಕ್ಯಾನು ನಂದೇ, ಸಹಿ ನಿಮ್ದೇ. ಒಳಗಿರೋದು ಮಾತ್ರ ನಮ್ಮಿಬ್ರುದೂ ಅಲ್ಲ."

ಡ್ರೈವರುಗಳಲ್ಲಿ ಒಬ್ಬ, ಹಸುವಿಗೆ ಹುಲ್ಲು ನೆನೆಸೋ ನೀರು ಗಾಡಿಗೆ ಕುಡಿಸವ್ರೆ ಬಿಡಪ್ಪ, ಇನ್ನು ಬೆಳಿಗ್ಗೆ ಹಾಲು ಕರೀಬೌದು ಎಂದ. ಉಳಿದವರು ನಕ್ಕರು. ಬೂದಿಕೋಟೆಯ ಕಡೆ ಒಣಹುಲ್ಲಿಗೆ ಯೂರಿಯಾ ನೀರು ಚಿಮುಕಿಸಿ ಮುಚ್ಚಿಡುವುದು ಹೈನಿನ ಮನೆಗಳಲ್ಲಿ ವಾಡಿಕೆ. ಎರಡೂ ಒಂದೇ ಯೂರಿಯಾ ಎಂದು ಭಾವಿಸುವವರು ಅಲ್ಲಿ ಮಾತ್ರ ಸಿಗುತ್ತಾರೆ.

ವಿಜಯಕುಮಾರ ನಗಲಿಲ್ಲ. ವ್ಯಾನಿನ ಬಾಗಿಲಿಗೆ ಒರಗಿ ನಿಂತಿದ್ದ.

ಒಂದೂವರೆ ತಿಂಗಳ ಹಿಂದೆ, ಊಟಕ್ಕೆ ಕುಳಿತಾಗ, ಹತ್ತು ಲೀಟರಿನಲ್ಲಿ ಯೂರಿಯಾ ಎಷ್ಟಿರುತ್ತದೆ ಎಂದು ಅವನು ನನ್ನನ್ನು ಕೇಳಿದ್ದ. ನೂರಕ್ಕೆ ಮೂವತ್ತೆರಡೂವರೆ ಎಂದೊಡನೆ ಮೂರೂಕಾಲು ಕೆಜಿ ಎಂದುಬಿಡಬಾರದು, ಅದು ತೂಕದ ಪ್ರಮಾಣ, ನೀರಿಗಿಂತ ಈ ದ್ರವ ಭಾರ, ಹತ್ತು ಲೀಟರೆಂದರೆ ಹತ್ತು ಕೆಜಿ ಒಂಬೈನೂರು ಗ್ರಾಂ, ಆದ್ದರಿಂದ ಮೂರು ಕೆಜಿ ಐನೂರ ನಲವತ್ತು ಗ್ರಾಂ ಎಂದು ಕಾಗದದ ಮೇಲೆ ಬಿಡಿಸಿ ತೋರಿಸಿದ್ದೆ. ನಲವತ್ತು ವರ್ಷದ ಮನುಷ್ಯ ಲೆಕ್ಕದಲ್ಲಿ ಆಸಕ್ತಿ ತೋರಿದನಲ್ಲ ಎಂದು ಸಂತೋಷವಾಗಿತ್ತು. ಆ ಕಾಗದವನ್ನು ಅವನು ಮಡಿಸಿ ಜೇಬಿಗಿಟ್ಟುಕೊಂಡಿದ್ದ.

ವೇಣು ತನ್ನ ಯಂತ್ರವನ್ನು ವ್ಯಾನಿಗೆ ಜೋಡಿಸಿ, ಬಿಲ್ಲಿನಲ್ಲಿ ಬರೆದುಕೊಳ್ಳಲು ಒಟ್ಟು ಓಡಿದ ಕಿಲೋಮೀಟರನ್ನು ಗಟ್ಟಿಯಾಗಿ ಓದಿದ. ನಾನು ಪುಸ್ತಕ ತೆಗೆದು ನೋಡಿದೆ. ಇನ್ನೊಮ್ಮೆ ಓದಿಸಿದೆ. ಈ ವಾರದ ಓಟವನ್ನು ಕಳೆದರೂ ನನ್ನ ಪುಸ್ತಕದ ಅಂಕಿಗಿಂತ ಅದು ಆರು ಸಾವಿರದ ಐನೂರ ಎಂಬತ್ತು ಹೆಚ್ಚಾಗಿತ್ತು.

ಏಳುನೂರರಿಂದ ಭಾಗಿಸಿದರೆ ಒಂಬತ್ತು ಪಾಯಿಂಟ್ ನಾಲ್ಕು ಲೀಟರು. ಸರಿಸುಮಾರು ಒಂದು ಕ್ಯಾನು. ನಲವತ್ತೇಳು ವಾರಗಳಿಂದ ಭಾಗಿಸಿದರೆ ವಾರಕ್ಕೆ ನೂರ ನಲವತ್ತು ಕಿಲೋಮೀಟರು. ವಾರದಲ್ಲಿ ಎರಡು ದಿನವಾದರೆ ದಿನಕ್ಕೆ ಎಪ್ಪತ್ತು. ಕೋಲಾರದಿಂದ ಬಂಗಾರಪೇಟೆಗೆ ಹದಿನೇಳೂವರೆ. ಹೋಗಿ ಬರುವುದು ಎರಡು ಸಲ. ಭಾಗಾಕಾರ ಎಲ್ಲಿಯೂ ಶೇಷ ಉಳಿಸಲಿಲ್ಲ.

"ನಾಲ್ಕು ಗಂಟೆ ನೀನು ಗೇಟಿನ ಹತ್ತಿರ ನಿಂತಿರಲಿಲ್ಲ," ಎಂದೆ.

ವಿಜಯಕುಮಾರ ವ್ಯಾನಿನ ಬಾಗಿಲನ್ನು ಎಳೆದು ಮುಚ್ಚಿದ.

"ಅಮ್ಮನ್ನ ಕೇಳು ಮಾವ," ಎಂದ.

ಟ್ಯಾಂಕು ಬರಿದು ಮಾಡಿ ತೊಳೆದು, ನಳಿಗೆಯನ್ನು ಬದಲಿಸಲು ಎರಡು ದಿನ ಬೇಕೆಂದು ವೇಣು ಹೇಳಿದ. ಬೋರ್ಡಿನಲ್ಲಿ ಇನ್ನೂರ ಹನ್ನೆರಡು ಉಳಿದಿತ್ತು. ಗುರುವಾರ ವ್ಯಾನು ಕೋರಮಂಡಲ್‌ನಲ್ಲೇ ನಿಂತಿರಬೇಕು, ಶುಕ್ರವಾರ ಕೋಲಾರ ಮುಗಿಸಿ ನೇರ ವರ್ಕ್‌ಶಾಪಿಗೆ ಬರಬೇಕು. ಅದಕ್ಕೆ ಅರವತ್ತಾರು ಕಿಲೋಮೀಟರು ಸಾಕು ಎಂದು ನಾನು ನಿರ್ಧರಿಸಿದೆ. ವೇಣುವಿನ ಕ್ಷಮೆ ಕೇಳದೆ ಬಂದೆ.

ಮನೆಗೆ ಬರುವಷ್ಟರಲ್ಲಿ ಇನ್ನೊಂದು ಲೆಕ್ಕವನ್ನೂ ಮುಗಿಸಿದ್ದೆ. ಬೀರುವಿಗೆ ಎರಡು ಕೀ. ನನ್ನದು ಉಡದಾರದಿಂದ ಬಿಚ್ಚುವುದು ಶನಿವಾರದ ಎಣ್ಣೆಸ್ನಾನದ ಹೊತ್ತಿನಲ್ಲಿ ಮಾತ್ರ. ಆಗ ಅದು ಬಚ್ಚಲಿನ ಹೊರಗಿನ ಮೊಳೆಯಲ್ಲಿರುತ್ತದೆ. ಆಗ ಮನೆಯಲ್ಲಿರುವವಳು ಒಬ್ಬಳೇ.

ಮುನಿಗಂಗಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ನಾನು ನಿಂತೇ ಕೇಳಿದೆ. ಅವಳು ಸೊಪ್ಪಿನಿಂದ ಕೈ ತೆಗೆಯಲಿಲ್ಲ.

"ಊಂ. ನಿನ್ ಕೀನ ನಾನೇ ತಕ್ಕೊಟ್ಟೆ," ಎಂದಳು.

ನಡೆದದ್ದನ್ನು ಅವಳೇ ಹೇಳಿದಳು. ಟ್ಯಾಂಕು ತಳ ಕಂಡಾಗ ಬಂಗಾರಪೇಟೆ, ಕೋಲಾರ ಎರಡರಲ್ಲೂ ಹದಿನೈದು ದಿನ ಕ್ಯಾನು ಸಿಗುತ್ತಿರಲಿಲ್ಲ. ಬೀರುವಿನಲ್ಲಿ ಮೂರು ಇದ್ದವು. ಒಂದನ್ನು ಪೂರ್ತಿ ವ್ಯಾನಿಗೆ ಸುರಿದರು. ಖಾಲಿ ಕ್ಯಾನು ಎತ್ತಿದರೆ ನನಗೆ ಗೊತ್ತಾಗುತ್ತದೆಂದು ವಿಜಯಕುಮಾರ ಬೂದಿಕೋಟೆಯಲ್ಲೇ ತೂಕ ಹಾಕಿ ಯೂರಿಯಾ ಕಲಸಿ ತಂದಿದ್ದ ನೀರನ್ನು ಅದಕ್ಕೆ ತುಂಬಿ, ನನ್ನ ಸ್ನಾನ ಮುಗಿಯುವ ಮೊದಲೇ ಬೀರುವಿಗೆ ಸೇರಿಸಿದ. ಮಾಲು ಬಂದ ಮೇಲೆ ಬದಲಿಸಬಹುದು ಎಂದುಕೊಂಡಿದ್ದರು. ಹಳೆಯ ತಾರೀಖಿನದನ್ನು ಮೊದಲು ತೆಗೆಯುವುದು ನನ್ನ ಕ್ರಮ. ಮರುದಿನವೇ ಆ ಕ್ಯಾನನ್ನು ತೆಗೆದೆ.

ಸೀಲು ಒಡೆದಿರುವುದು ನನಗೆ ತಿಳಿಯದಂತೆ ಆ ಭಾನುವಾರ ಮುಚ್ಚಳವನ್ನು ನನಗಿಂತ ಮೊದಲು ತಿರುಗಿಸಿದವನು ವಿಜಯಕುಮಾರ. ಮೂರು ಭಾನುವಾರ ನಾನು ಒಂದೊಂದು ಲೀಟರು ಅಳೆದು ಸುರಿದೆ. ಮೂರು ಭಾನುವಾರವೂ ಅವನು ಕೊಳವೆ ಹಿಡಿದಿದ್ದ. ಅವಳು ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಅದು ಯಾರ ಉಸಿರಿಗಾಗಿ ಓಡುವ ವ್ಯಾನು ಎಂಬುದು ಇಬ್ಬರಿಗೂ ತಿಳಿದಿತ್ತು.

"ಒಂದು ಮಾತು ಹೇಳಬಹುದಾಗಿತ್ತಲ್ಲ," ಎಂದೆ.

"ಏಳಿದ್ರೆ ನೀನು ಬೈತಿರ್ಲಿಲ್ಲ. ಬೈದಿದ್ರೆ ಏಳ್ಬೋದಿತ್ತು. ನೀನು ಪುಸ್ತಕ ತಗೀತೀಯ." ಮತ್ತೆ ಹೇಳಿದಳು: "ಅವನನ್ನ ಬೈಬೇಡ. ಓಗು ಅಂದೋಳು ನಾನೇ. ನಾಲ್ಕು ಗಂಟೆ ಗಾಜಿನಾಚೆ ಕುಂತು ನನ್ನೇ ನೋಡ್ತಿದ್ದ. ನಾನು ಸಾಯೋದನ್ನ ಕಾಯ್ತಾ ಕುಂತಂಗಿತ್ತು. ಓಗಿ ಗಾಡಿ ಓಡ್ಸು ಕಣ್ಲ, ನಾಕು ಜನದ ಮಕ ನೋಡು ಅಂದೆ."

ರಕ್ತದೊತ್ತಡ ಇಳಿದು ಬೇಗನೆ ಬಿಡಿಸಿದ ದಿನಗಳಲ್ಲಿ ಏನು ಮಾಡಿದೆ ಎಂದು ಕೇಳಿದೆ. ಹೊರಗಿನ ಬೆಂಚಿನ ಮೇಲೆ ಮಲಗಿರುತ್ತಿದ್ದಳಂತೆ. ಒಂದು ಸಲ ಎರಡು ಗಂಟೆ. ಆ ದಿನ ಮನೆಗೆ ಬಂದು, ವ್ಯಾನಿನಲ್ಲೇ ಒರಗಿ ನಿದ್ದೆ ಮಾಡಿದೆ ಎಂದು ನನ್ನೆದುರು ಹೇಳಿದ್ದಳು. ವ್ಯಾನು ಅಲ್ಲೇ ಇದ್ದದ್ದು ಒಳ್ಳೆಯದಾಯಿತು ಎಂದು ನಾನು ಉತ್ತರಿಸಿದ್ದು ನೆನಪಾಯಿತು.

ನಲವತ್ತೇಳು ವಾರ, ಒಂದು ಲೀಟರಿಗೆ ಏಳುನೂರು, ಒಂದು ಸಲವೂ ಆರುನೂರ ತೊಂಬತ್ತಲ್ಲ, ಏಳುನೂರ ಹತ್ತಲ್ಲ. ನಿಜವಾದ ಅಳತೆ ಹಾಗಿರುವುದಿಲ್ಲ. ಮದ್ದಿನ ಮನೆಯಲ್ಲಿ ಅಷ್ಟು ನೇರವಾದ ಅಂಕಿ ಕಂಡಿದ್ದರೆ ಅದೇ ದಿನ ಮೇಲಧಿಕಾರಿಯನ್ನು ಕರೆಯುತ್ತಿದ್ದೆ. ಇಲ್ಲಿ ಕರೆಯಲಿಲ್ಲ. ಓದಿ ಹೇಳುತ್ತಿದ್ದವನು ನನ್ನ ತೊಡೆಯ ಮೇಲೆ ಕುಳಿತು ಮಗ್ಗಿ ಕಲಿತವನು.

ಗುರುವಾರ ವ್ಯಾನು ಮನೆಯ ಮುಂದೆಯೇ ನಿಂತಿತ್ತು. ಮುನಿಗಂಗಮ್ಮನ ಕಾಲುಗಳು ಸಂಜೆಯ ಹೊತ್ತಿಗೆ ಎಂದಿನಂತೆ ಊದಿಕೊಂಡವು.

ಶುಕ್ರವಾರ ನಾನೂ ವ್ಯಾನಿನಲ್ಲಿ ಹೋದೆ. ಹತ್ತು ಗಂಟೆಗೆ ಅವಳು ಯಂತ್ರಕ್ಕೆ ಮಲಗಿದಳು. ಅಷ್ಟರಮಟ್ಟಿಗೆ ಕೆಲಸ ಕೆಡಲಿಲ್ಲ. ವಿಜಯಕುಮಾರ ಗೇಟಿನ ಬಳಿ ವ್ಯಾನು ನಿಲ್ಲಿಸಿ ಸ್ಟೀರಿಂಗಿನ ಮೇಲೆ ಕೈಯಿಟ್ಟು ಕೂತ. ನಾನು ಪಕ್ಕದ ಸೀಟಿನಲ್ಲಿದ್ದೆ. ಹತ್ತೂಕಾಲಿಗೆ ಜನ ಬರತೊಡಗಿದರು. ಬುಟ್ಟಿ ಹೊತ್ತ ಹೂವಿನ ಹೆಂಗಸು, ಕಡತದ ಚೀಲ ಹಿಡಿದ ಇಬ್ಬರು, ಔಷಧಿಯ ಪೊಟ್ಟಣದ ಒಬ್ಬ ಮುದುಕ. ಯಾರೂ ಏನೂ ಕೇಳದೆ ಹಿಂದಿನ ಬಾಗಿಲಿನ ಬಳಿ ಸಾಲಾಗಿ ನಿಂತರು. ಹೂವಿನ ಹೆಂಗಸು ಕಿಟಕಿಗೆ ಬಂದು ನನ್ನನ್ನು ನೋಡಿದಳು.

"ಯಾರ್ ತಾತ ನೀನು, ಒಸಬ್ನಾ? ಮುಂದಿನ ಸೀಟು ನಂದು ಕಣಪ್ಪಾ. ಇಂದ್ಕೆ ಓಗಿ ಕುಂತ್ಕೋ, ಹತ್ತೂವರೆಗೆ ಬಿಡ್ತಾನೆ. ಕುಮಾರ ಒಂದು ನಿಮಿಸ ಲೇಟು ಮಾಡಲ್ಲ."

ಅವಳನ್ನು ಮಾರಿಯಮ್ಮ ಎಂದು ಕರೆದು, ಇವತ್ತು ಗಾಡಿ ಬರುವುದಿಲ್ಲ, ರಿಪೇರಿ ಇದೆ ಎಂದು ವಿಜಯಕುಮಾರ ಹೇಳಿದ. ಅವಳು ಬುಟ್ಟಿಯನ್ನು ಸೊಂಟಕ್ಕೆ ಬದಲಿಸಿಕೊಂಡಳು.

"ಅಯ್ಯೋ, ನಿಮ್ಮಮ್ಮ ಎಂಗವ್ಳೆ? ಮಂಗಳಾರ ಬಿಡ್ತೀಯಾ ತಾನೆ?"

ಅವನು ನನ್ನ ಕಡೆ ನೋಡದೆ ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ ನನಗೆ ತಿಳಿಯಲಿಲ್ಲ, ಅವಳಿಗೆ ತಿಳಿಯಿತು. ಸಾಲು ಚದುರಿತು. ಕೋಲಾರದಲ್ಲಿ ಹೂವು ಮಾರುವವಳಿಗೆ ಗೊತ್ತಿದ್ದ ವೇಳಾಪಟ್ಟಿ ಅವನ ಸೋದರಮಾವನಿಗೆ ಗೊತ್ತಿರಲಿಲ್ಲ.

ಎರಡೂವರೆಗೆ ಮುನಿಗಂಗಮ್ಮ ಗೋಡೆ ಹಿಡಿದು ಹೊರಬಂದಳು. ಬೆಂಚಿನ ಕಡೆಗೆ ಎರಡು ಹೆಜ್ಜೆ ಇಟ್ಟವಳು ವ್ಯಾನನ್ನು ಕಂಡು ನಿಂತಳು.

"ಓಗ್ಲಿಲ್ವಾ?" ಎಂದು ಮಗನನ್ನು ಕೇಳಿದಳು. ಅವಳ ಮುಖ ಸಪ್ಪಗಾಯಿತು. ನನ್ನನ್ನು ಅವಳು ಕೇಳಲಿಲ್ಲ. ಮುಂದಿನ ಸೀಟಿಗೆ ಬಂದಳು. ನಾನು ಇಳಿದು ಹಿಂದೆ ಕೂತೆ.

ಬಂಗಾರಪೇಟೆಯ ವರ್ಕ್‌ಶಾಪಿನಲ್ಲಿ ಅಂಕಿ ನೂರ ನಲವತ್ತಾರಕ್ಕೆ ಇಳಿದಿತ್ತು. ನಾನು ಕೂಡಿಸಿದ್ದಕ್ಕೆ ಸರಿಯಾಗಿ. ಅಂದು ಅಲ್ಲಿ ಕುಳಿತಿದ್ದ ಡ್ರೈವರುಗಳಲ್ಲಿ ಮೂವರು ಮಾತ್ರ ಇದ್ದರು. ಅವರನ್ನು ಹತ್ತಿರ ಕರೆದು, ಬುಧವಾರ ನಾನು ವೇಣುವಿನ ಮೇಲೆ ಹೊರಿಸಿದ್ದು ಸುಳ್ಳು, ದೋಷ ನನ್ನ ಮನೆಯದು, ಉಳಿದವರಿಗೂ ಇದನ್ನು ತಿಳಿಸಬೇಕು ಎಂದು ಹೇಳಿದೆ. ವೇಣು ಕೈ ಒರೆಸಿಕೊಳ್ಳುತ್ತಾ, ಓಗ್ಲಿ ಬಿಡಿ ಯಜಮಾನ್ರೇ, ಮನೆಯೋರು ಅಂದ್ಮೇಲೆ ಎಂದ. ಆ ಮಾತನ್ನು ಅವನು ಸಮಾಧಾನಕ್ಕೆಂದೇ ಹೇಳಿದ್ದು.

ಬಸ್ ನಿಲ್ದಾಣಕ್ಕೆ ಮೂವರೂ ನಡೆದು ಬಂದೆವು. ಕೆಜಿಎಫ್ ಬಸ್ಸು ನಿಲ್ಲುವ ಕಡೆಗೆ ನಾನು ತಿರುಗಿದೆ. ಮುನಿಗಂಗಮ್ಮ ತಿರುಗಲಿಲ್ಲ.

"ನಾನು ಬೂದಿಕೋಟೆಗೆ ಓಗ್ತೀನಣ್ಣ," ಎಂದಳು.

ಕೊಟ್ಟಿಗೆಯ ಧೂಳು, ವೈದ್ಯರ ಮಾತು, ಸೋಂಕು ತಗಲಿದರೆ ಆಗುವ ಪರಿಣಾಮ ಎಲ್ಲವನ್ನೂ ಹೇಳಿದೆ. ಅವಳು ಕೇಳಿಸಿಕೊಂಡಳು.

"ಗೊತ್ತು. ಅಲ್ಲಿ ಅವ್ನು ನನ್ನತ್ರ ಸುಳ್ಳು ಏಳಲ್ಲ. ನಾನೂ ಏಳ್ಬೇಕಾಗಿಲ್ಲ."

ಮಂಗಳವಾರ ಏನು ಮಾಡುವುದು ಎಂದು ಕೇಳಿದೆ. ವಿಜಯಕುಮಾರ ಮೊದಲ ಸಲ ನನ್ನ ಮುಖ ನೋಡಿದ.

"ಕರ್ಕೊಂಡು ಓಗ್ತೀನಿ ಮಾವ. ತಪ್ಸಲ್ಲ."

ನಳಿಗೆ ಸೋಮವಾರಕ್ಕೆ ಬಂದರೆ ವ್ಯಾನು ಮಂಗಳವಾರಕ್ಕೆ ಸಿದ್ಧವಾಗುತ್ತದೆ. ಬಾರದಿದ್ದರೆ ಏನೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಬರುತ್ತಿತ್ತು. ಅದನ್ನು ತಾಳೆ ನೋಡಲು ನನ್ನ ಬಳಿ ಏನೂ ಉಳಿದಿರಲಿಲ್ಲ.

ಬೂದಿಕೋಟೆಯ ಬಸ್ಸು ಮೊದಲು ಬಂತು. ಮೆಟ್ಟಿಲು ಎತ್ತರವಾಗಿತ್ತು. ನಾನು ಕೈ ಕೊಡಲು ಹೋಗುವ ಮೊದಲೇ ಅವಳು ಮಗನ ಹೆಗಲು ಹಿಡಿದು ಹತ್ತಿದಳು. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಬಸ್ಸು ಹೊರಡುವವರೆಗೆ ನಾನು ಕೆಳಗೆ ನಿಂತಿದ್ದೆ. ಅವನು ಏನನ್ನೋ ಹೇಳುತ್ತಿದ್ದ. ಅವಳು ಅವನ ಕಡೆ ತಿರುಗಿ, ಬಾಯಿಗೆ ಸೆರಗು ಅಡ್ಡ ಹಿಡಿದು, ಆ ಒಂದು ವರ್ಷದಲ್ಲಿ ನನ್ನ ಮನೆಯಲ್ಲಿ ಒಮ್ಮೆಯೂ ನಗದಿದ್ದ ರೀತಿಯಲ್ಲಿ ನಗುತ್ತಿದ್ದಳು.